ಗರಗಸದ ಮಷೀನ್ ಮುಟ್ಟಿದರೆ ಜುಮ್ ಅನ್ನುತ್ತದೆ, ಬಲ್ಬ್ ಮಾತ್ರ ಚೆನ್ನಾಗಿಯೇ ಉರಿಯುತ್ತದೆ!

ಪ್ರಶ್ನೆ: ಶಿಗ್ಗಾಂವಿ ಹತ್ತಿರದ ಹಳ್ಳಿಯವನು ನಾನು. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಡಿಗತನ ಮಾಡುತ್ತೇನೆ. 2 ಎಚ್‌ಪಿ ಸಿಂಗಲ್ ಫೇಸ್ ಟೇಬಲ್ ಗರಗಸ, ಕೈ ರಂದಾ ಮಷೀನ್, ಡ್ರಿಲ್ ಇವೆ. ಈಗ ಹೊಸದಾಗಿ ಕಟ್ಟಿಗೆ ಕೊರೆಯುವ ರೂಟರ್ ಮಷೀನ್ ತಗೊಂಡಿದ್ದೇನೆ. ಮಳೆ ಹಿಡಿದಾಗಿನಿಂದ ಗರಗಸದ ಟೇಬಲ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ವೈರಿಂಗ್ ಮಾಡಿದವರು ಟೆಸ್ಟ್ ಬಲ್ಬ್ ಹಚ್ಚಿ ನೋಡಿ, "ಅರ್ಥಿಂಗ್ ಛಲೋ ಐತಿ, ಚಪ್ಪಲ್ ಹಾಕ್ಕೊಂಡು ಕೆಲಸ ಮಾಡ್ರಿ, ಏನೂ ಆಗಂಗಿಲ್ಲ" ಅಂದರು. ಕರೆಂಟ್ ಸೋರಿದರೆ ಲೈನ್ ಕಡಿಯುವ ಇಎಲ್‌ಸಿಬಿ ಪದೇ ಪದೇ ಬೀಳುತ್ತಿತ್ತು (ಆಫ್ ಆಗುತ್ತಿತ್ತು) ಅಂತ ಎರಡು ವರ್ಷದ ಹಿಂದೆ ತೆಗೆಸಿದ್ದೇನೆ. ರೂಟರಿಗೆ ಎರಡೇ ಪಿನ್ ಇದೆ, ಅದಕ್ಕೆ ಅರ್ಥ್ ವೈರ್ ಜೋಡಿಸಬೇಕಾ? ಮಾರ್ಬಲ್ ಕಟರ್ ತಲೆಕೆಳಗೆ ಕೂರಿಸಿ ಇನ್ನೊಂದು ಸಣ್ಣ ಗರಗಸ ಮಾಡಿಕೊಳ್ಳಬೇಕು ಅಂತಲೂ ಇದೆ. ಮಾಡಬಹುದಾ?

ಉತ್ತರ: ಮೊದಲು ಎದ್ದು ಹೋಗಿ ಆ ಗರಗಸದ ಪ್ಲಗ್ ಕಿತ್ತಿಟ್ಟು ಬನ್ನಿ. ಸ್ವಿಚ್ ಆಫ್ ಮಾಡಿದ್ದೇನೆ ಅಂದರೆ ಸಾಲದು. ಎಷ್ಟೋ ಬೋರ್ಡುಗಳಲ್ಲಿ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವೈರಿನ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್‌ಗೆ ಹಾಕಿರುತ್ತಾರೆ. ಆಗ ಸ್ವಿಚ್ ಆಫ್ ಇದ್ದರೂ ಮೋಟರಿನ ಒಳಗೆ ಫೇಸ್ ಹಾಗೇ ನಿಂತಿರುತ್ತದೆ. ಪ್ಲಗ್ ಹೊರಗೆ ಬಂದ ಮೇಲೆಯೇ ಮಷೀನಿನಲ್ಲಿ ಕರೆಂಟ್ ಇಲ್ಲ ಅಂತ ಲೆಕ್ಕ.

ಕೆಲವು ಅಂಗಡಿಗಳಲ್ಲಿ ಬೇರೆ ಥರದ ಹೊಡೆತವೂ ಇರುತ್ತದೆ. ಕಟ್ಟಿಗೆ ಹೊಟ್ಟು ಎಳೆಯುವ ಪ್ಲಾಸ್ಟಿಕ್ ಪೈಪ್ ಇದ್ದರೆ, ಒಣ ಹವೆಯಲ್ಲಿ ಪೈಪಿನ ಮೈಮೇಲೆ ಸ್ಥಿರವಿದ್ಯುತ್ ಕೂಡುತ್ತದೆ. ಮುಟ್ಟಿದಾಗ ಚಟ್ ಅಂತ ಒಮ್ಮೆ ಹೊಡೆದು ಮುಗಿಯುತ್ತದೆ. ಕಿರಿಕಿರಿ ಹೌದು, ಜೀವಕ್ಕೇನೂ ಆಗುವುದಿಲ್ಲ. ನಿಮ್ಮದು ಹಾಗಲ್ಲ. ಮಳೆಗಾಲದಲ್ಲಿ ಶುರುವಾಗಿದೆ, ಕೈ ಇಟ್ಟಷ್ಟು ಹೊತ್ತೂ ಜುಮ್ ಅನ್ನುತ್ತಲೇ ಇರುತ್ತದೆ. ಅದು ಮೋಟರಿನಿಂದ ಸೋರುತ್ತಿರುವ ಕರೆಂಟೇ.

ಮೈಯೊಳಗೆ 1 ಮಿಲಿಆಂಪ್ ಹರಿದರೆ ಜುಮ್ ಅನ್ನಿಸುತ್ತದೆ. 10ರ ಆಸುಪಾಸಿನಲ್ಲಿ ಕೈ ಬಿಗಿದುಕೊಳ್ಳುತ್ತದೆ, ಹಿಡಿದದ್ದನ್ನು ಬಿಡಬೇಕೆಂದರೂ ಬಿಡಲು ಆಗುವುದಿಲ್ಲ. 30 ದಾಟಿದರೆ ಉಸಿರಾಟಕ್ಕೆ ತೊಂದರೆ. 50ರಿಂದ 100 ಆದರೆ ಹೃದಯದ ಬಡಿತವೇ ಹದ ತಪ್ಪಬಹುದು. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ಎಳೆಯುವುದೇ ಸುಮಾರು 40 ಮಿಲಿಆಂಪ್. ಅಂದರೆ ಒಂದು ಬಲ್ಬ್ ಉರಿಯುವಷ್ಟು ಕರೆಂಟ್ ಮನುಷ್ಯನಿಗೆ ಸಾಕೋ ಸಾಕು. ಚರ್ಮ ಒಣಗಿದ್ದರೆ ಮೈ ಸಾಕಷ್ಟು ತಡೆ ಒಡ್ಡುತ್ತದೆ. ಬೆವರಿ ಒದ್ದೆಯಾದರೆ ಆ ತಡೆ ಸಾವಿರ ಓಮ್ ಸುತ್ತ ಇಳಿಯುತ್ತದೆ. ಆಗ 230 ವೋಲ್ಟ್ ಪೂರ್ತಿ ತಾಗಿದರೆ 230 ಮಿಲಿಆಂಪ್.

ಇವತ್ತು ನಿಮಗೆ ಆಗುತ್ತಿರುವುದು 1 ಮಿಲಿಆಂಪಿನ ಲೆಕ್ಕ ಇರಬಹುದು. ಆದರೆ ನೀವು ನಿಂತಿರುವುದು ಗರಗಸದ ಮುಂದೆ. ಜುಮ್ ಅಂದ ತಕ್ಷಣ ಕೈ ತಾನಾಗಿ ಸೆಳೆದುಕೊಳ್ಳುತ್ತದೆ, ಯಾವ ಕಡೆಗೆ ಅಂತ ನೀವು ನಿರ್ಧರಿಸುವುದಿಲ್ಲ. ಬ್ಲೇಡ್ ನಾಲ್ಕು ಬೆರಳಿನ ದೂರದಲ್ಲಿ ತಿರುಗುತ್ತಿರುತ್ತದೆ. ಬಡಿಗರ ಅಂಗಡಿಯಲ್ಲಿ ಸಣ್ಣ ಶಾಕ್ ಕೂಡ ದೊಡ್ಡದೇ.

ಚಪ್ಪಲಿ ಮಾತಿಗೆ ಬರೋಣ. ಒಣ ರಬ್ಬರ್ ಚಪ್ಪಲಿ ಕಾಲಿನಿಂದ ನೆಲಕ್ಕೆ ಹೋಗುವ ಕರೆಂಟನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ಕರೆಂಟ್ ಕಾಲಿನಿಂದಲೇ ಹೋಗಬೇಕು ಅಂತ ಏನಿಲ್ಲವಲ್ಲ. ಒಂದು ಕೈ ಗರಗಸದ ಮೇಲೆ, ಇನ್ನೊಂದು ಕೈ ತಗಡಿನ ಶೆಡ್ಡಿನ ಕಂಬಕ್ಕೆ ತಾಗಿತು ಅನ್ನಿ. ಆಗ ದಾರಿ ಎದೆಯ ಮೇಲೇ ಹಾದು ಹೋಗುತ್ತದೆ, ಚಪ್ಪಲಿ ಏನು ಮಾಡೀತು? ಇನ್ನು ಮಳೆಯಲ್ಲಿ ನೆಂದು ಬಂದ ಹವಾಯಿ ಚಪ್ಪಲಿಯ ಕಥೆಯಂತೂ ಕೇಳಲೇಬೇಡಿ. ಚಪ್ಪಲಿ ಹಾಕಿ, ಒಳ್ಳೆಯದೇ. ಅದನ್ನೇ ರಿಪೇರಿ ಅಂದುಕೊಳ್ಳಬೇಡಿ.

ಈಗ ಮುಖ್ಯ ವಿಷಯ, ಆ ಟೆಸ್ಟ್ ಬಲ್ಬ್. ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಿಡಿಯುವುದು, ಅದು ಉರಿದರೆ ಅರ್ಥಿಂಗ್ ಪಾಸ್ ಅನ್ನುವುದು. ನಮ್ಮ ಕಡೆ ಎಲ್ಲರೂ ಮಾಡುವುದೇ ಇದು. ಲೆಕ್ಕ ಹಾಕಿ ನೋಡಿ. 60 ವ್ಯಾಟ್ ಬಲ್ಬ್ ಉರಿಯುವಾಗ ಅದರ ತಡೆ ಸುಮಾರು 880 ಓಮ್. ನಿಮ್ಮ ಅರ್ಥ್ ಗುಂಡಿ (ಅರ್ಥ್ ವೈರ್ ಮಣ್ಣಿಗೆ ಸೇರುವ ಜಾಗ) ಪೂರ್ತಿ ಹಾಳಾಗಿ ಅದರ ತಡೆ 50 ಓಮ್ ಆಗಿದೆ ಅಂತ ಇಟ್ಟುಕೊಳ್ಳಿ. 880ರ ಜೊತೆ 50 ಸೇರಿದರೆ ಬಲ್ಬಿಗೆ 230ರ ಬದಲು ಸುಮಾರು 218 ವೋಲ್ಟ್ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದಾ? ಇಲ್ಲ. ಸಂಜೆ ಹೊತ್ತು ನಮ್ಮ ಊರುಗಳಲ್ಲಿ ವೋಲ್ಟೇಜ್ ಇಳಿಯುವುದೇ ಅದಕ್ಕಿಂತ ಜಾಸ್ತಿ. ಬಲ್ಬ್ ಉರಿಯದಿದ್ದರೆ ಅರ್ಥ್ ವೈರ್ ಎಲ್ಲೋ ಕಡಿದಿದೆ ಅಂತ ತಿಳಿಯುತ್ತದೆ. ಉರಿದರೆ ಏನೂ ತಿಳಿಯುವುದಿಲ್ಲ.

ಅರ್ಥಿಂಗ್ ಯಾಕೆ ಬೇಕು ಅನ್ನುವಲ್ಲೇ ತಪ್ಪು ತಿಳಿವಳಿಕೆ ಜಾಸ್ತಿ. ಅರ್ಥ್ ಇದ್ದರೆ ಕರೆಂಟೆಲ್ಲ ನೆಲಕ್ಕೆ ಇಳಿದುಹೋಗುತ್ತದೆ, ನಮಗೆ ಹೊಡೆಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಇಳಿದುಹೋಗುವುದು ಅರ್ಧ ಕೆಲಸ. ಹಾಗೆ ಇಳಿಯುವಾಗ ಬೋರ್ಡಿನಲ್ಲಿ ಏನಾದರೂ ಒಂದು ಟ್ರಿಪ್ ಆಗಬೇಕು, ಅಂದರೆ ತಾನಾಗಿ ಬಿದ್ದು ಕರೆಂಟ್ ಕಡಿಯಬೇಕು. ಟ್ರಿಪ್ ಆಗದಿದ್ದರೆ ಅರ್ಥಿಂಗ್ ತನ್ನ ಕೆಲಸ ಮುಗಿಸಿಲ್ಲ ಅಂತಲೇ ಅರ್ಥ.

ನಮ್ಮ ಕಡೆ ಮನೆಗಳಿಗೆ ಕಂಬದಿಂದ ಬರುವುದು ಫೇಸ್ ಮತ್ತು ನ್ಯೂಟ್ರಲ್. ಅರ್ಥ್ ನಾವೇ ಗುಂಡಿ ತೋಡಿ ಮಾಡಿಕೊಂಡಿರುತ್ತೇವೆ. ಮೋಟರಿನೊಳಗೆ ಫೇಸ್ ಅದರ ಲೋಹದ ಮೈಗೆ ತಾಗಿತು ಅನ್ನಿ. ಕರೆಂಟ್ ನಿಮ್ಮ ಅರ್ಥ್ ಗುಂಡಿಯಿಂದ ಮಣ್ಣಿಗಿಳಿದು, ಮಣ್ಣಿನಲ್ಲೇ ಹಾದು, ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರದ ಅರ್ಥ್ ಮೂಲಕ ನ್ಯೂಟ್ರಲ್ ಸೇರಬೇಕು. ನಿಮ್ಮ ಗುಂಡಿ 10 ಓಮ್ ಇದ್ದರೆ, ಟಿಸಿ ಕಡೆಯದನ್ನು ಸದ್ಯಕ್ಕೆ ಬಿಟ್ಟರೂ, ಹರಿಯುವುದು 23 ಆಂಪ್. ನಿಮ್ಮ ಬೋರ್ಡಿನಲ್ಲಿ 16 ಆಂಪಿನ ಸಿ ಟೈಪ್ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಇರಬೇಕು, ಮೋಟರ್ ಲೋಡಿಗೆ ಅದನ್ನೇ ಹಾಕುತ್ತಾರೆ. ಅದು ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪ್ ಬೇಕು. 23 ಆಂಪಿಗೆ ಅದು ನಿಧಾನವಾಗಿ ಬಿಸಿಯಾಗಿ ಬೀಳಬೇಕು. ಒಂದು ಗಂಟೆ ತಗೊಂಡರೂ ತಗೊಂಡೀತು. ಗುಂಡಿ 20 ಓಮ್ ಆದರೆ 11.5 ಆಂಪ್. ಆಗ ಎಂಸಿಬಿ ಯಾವತ್ತೂ ಬೀಳುವುದಿಲ್ಲ. ಮೀಟರ್ ಓಡುತ್ತಿರುತ್ತದೆ, ಬಿಲ್ಲು ಏರುತ್ತಿರುತ್ತದೆ, ಗರಗಸದ ಟೇಬಲ್ ಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಆದರೂ ಮುಟ್ಟಿದವರ ಜೀವಕ್ಕೆ ಅಪಾಯ.

ಈ ಜಾಗದಲ್ಲಿ ಕೆಲಸಕ್ಕೆ ಬರುವುದೇ ನೀವು ತೆಗೆಸಿ ಹಾಕಿದ ಡಬ್ಬಿ. ಅಂಗಡಿಯವರು ಈಗಲೂ ಅದನ್ನು ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ, ಮೇಲೆ ಬರೆದಿರುವುದು ಆರ್‌ಸಿಸಿಬಿ ಅಂತ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ವೈರ್ ಕಡಿಯುತ್ತದೆ. ಇದಕ್ಕೆ ಗುಂಡಿ ಅಷ್ಟೇನೂ ಚೆನ್ನಾಗಿರಬೇಕಿಲ್ಲ. ಬೇಸಿಗೆಯಲ್ಲಿ ಒಣಗಿ 100 ಓಮ್ ಆಗಿದ್ದರೂ, 30 ಮಿಲಿಆಂಪ್ ಹರಿಯುವಾಗ ಮಷೀನಿನ ಮೈಮೇಲೆ ಬರುವುದು 3 ವೋಲ್ಟ್ ಅಷ್ಟೇ. ಅಷ್ಟರಲ್ಲಿ ಅದು ಬಿದ್ದಾಗಿರುತ್ತದೆ. ನಿಮ್ಮ ಕೈ ಇನ್ನೂ ಟೇಬಲ್ ಮುಟ್ಟುವ ಮೊದಲೇ ಬಿದ್ದಿರುತ್ತದೆ, ಅದೇ ಇದರ ದೊಡ್ಡ ಗುಣ. ಅರ್ಥ್ ಇಲ್ಲದೆ ಬರೀ ಆರ್‌ಸಿಸಿಬಿ ಇದ್ದರೆ ಅದು ಬೀಳುವುದು ನಿಮ್ಮ ಮೈಯೊಳಗೆ ಕರೆಂಟ್ ಹರಿದ ಮೇಲೆ. ಹಾಗಾಗಿ ಎರಡೂ ಬೇಕು. ದುಡ್ಡು ಕಡಿಮೆ ಇದೆ, ಹೊಸ ಗುಂಡಿಯೋ ಆರ್‌ಸಿಸಿಬಿಯೋ ಮೊದಲು ಯಾವುದು ಅಂತ ಕೇಳಿದರೆ, ಇರುವ ಗುಂಡಿ ಹೇಗೇ ಇರಲಿ, ಮೊದಲು ಆರ್‌ಸಿಸಿಬಿ ಅನ್ನುತ್ತೇನೆ.

"ಪದೇ ಪದೇ ಬೀಳುತ್ತಿತ್ತು" ಅಂದಿರಿ. ಸುಮ್ನೆ ಬೀಳುತ್ತಿರಲಿಲ್ಲ. ಗರಗಸದ ಮೋಟರ್ ಸೋರುತ್ತಿದೆ ಅಂತ ಎರಡು ವರ್ಷದ ಹಿಂದೆಯೇ ಹೇಳುತ್ತಿತ್ತು ಅನ್ನಿಸುತ್ತದೆ. ಹೊಸದು ಹಾಕಿಸಿ: ಎರಡು ಪೋಲಿನದು, 40 ಆಂಪ್, 30 ಮಿಲಿಆಂಪ್. ಶೆಡ್ಡಿಗೆ ಬೇರೆಯೇ ಒಂದಿರಲಿ. ಇಲ್ಲದಿದ್ದರೆ ಗರಗಸ ಕೈಕೊಟ್ಟಾಗ ಮನೆಯ ಫ್ರಿಡ್ಜೂ ಆಫ್ ಆಗುತ್ತದೆ, ಆಮೇಲೆ ಮನೆಯವರೇ ಅದನ್ನು ತೆಗೆಸು ಅನ್ನುತ್ತಾರೆ. ರೂಟರಿನಂಥ ವೇಗ ಹೆಚ್ಚುಕಡಿಮೆ ಮಾಡುವ ಎಲೆಕ್ಟ್ರಾನಿಕ್ ಮಷೀನ್ ಇರುವುದರಿಂದ ಎ ಟೈಪ್ ಆರ್‌ಸಿಸಿಬಿ ಸಿಕ್ಕರೆ ಒಳ್ಳೆಯದು. ಮೇಲಿಂದ ಎಂಸಿಬಿ ಇದ್ದೇ ಇರಬೇಕು. ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ. ಒಂದು ಕೈ ಫೇಸಿಗೆ, ಇನ್ನೊಂದು ಕೈ ನ್ಯೂಟ್ರಲಿಗೆ ತಾಗಿದರೂ ಅದಕ್ಕೆ ತಿಳಿಯುವುದಿಲ್ಲ. ಅದರ ಮೇಲೆ ಟಿ ಅಂತ ಒಂದು ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಆ ಡಬ್ಬಿ ಬದಲಾಯಿಸಿ.

ಹಾಕಿಸಿದ ಮೇಲೆ ಮತ್ತೆ ಬಿದ್ದರೆ ಹುಡುಕುವ ಕ್ರಮ ಹೀಗೆ. ಶೆಡ್ಡಿನ ಎಲ್ಲ ಪ್ಲಗ್ ಕಿತ್ತು ಆರ್‌ಸಿಸಿಬಿ ಆನ್ ಮಾಡಿ. ಏನೂ ಇಲ್ಲದೆಯೇ ಬಿದ್ದರೆ ತಪ್ಪು ವೈರಿಂಗಿನಲ್ಲಿದೆ. ಎಲ್ಲೋ ನ್ಯೂಟ್ರಲ್ಲೂ ಅರ್ಥೂ ತಾಗಿವೆ, ಇಲ್ಲವೇ ಶೆಡ್ಡಿನ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ಲಿಗೆ ಸೇರಿಸಿಬಿಟ್ಟಿದ್ದಾರೆ. ಬೀಳದೆ ನಿಂತರೆ ಒಂದೊಂದೇ ಮಷೀನ್ ಹಚ್ಚುತ್ತಾ ಬನ್ನಿ. ಯಾವುದು ಹಚ್ಚಿದಾಗ ಬಿತ್ತೋ ಅದೇ ಕಳ್ಳ.

ನಿಮ್ಮ ವಿಷಯದಲ್ಲಿ ಕಳ್ಳ ಯಾರು ಅಂತ ಈಗಾಗಲೇ ಗೊತ್ತಿದೆ. ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಮೆಗ್ಗರ್ ಅನ್ನುವ, ಇನ್ಸುಲೇಷನ್ ಅಳೆಯುವ ಮೀಟರ್ ಇರುತ್ತದೆ. ಶಿಗ್ಗಾಂವಿಯಲ್ಲೋ ಹುಬ್ಬಳ್ಳಿಯಲ್ಲೋ ಪಂಪ್‌ಸೆಟ್ ಮೋಟರ್ ಕಟ್ಟುವ ಯಾರಾದರೂ ಸರಿ. 500 ವೋಲ್ಟಿನಲ್ಲಿ ವೈಂಡಿಂಗಿಗೂ ಬಾಡಿಗೂ ನಡುವೆ ಅಳೆಯಲು ಹೇಳಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಓಡಿಸಬೇಡಿ. ಬಹಳ ಸಲ ವೈಂಡಿಂಗ್ ಸುಟ್ಟಿರುವುದಿಲ್ಲ. ಮೋಟರಿನ ವೈರ್ ಜೋಡಿಸುವ ಡಬ್ಬಿ ಬಿಚ್ಚಿ ನೋಡಿ. ಒಳಗೆ ಬೆರಳು ದಪ್ಪ ಹೊಟ್ಟು ಕೂತಿರುತ್ತದೆ. ಬೇಸಿಗೆಯಲ್ಲಿ ಅದು ಬರೀ ಪುಡಿ. ಮಳೆ ಹವೆಗೆ ತೇವ ಹೀರಿ ಒತ್ತಾಗಿ, ಟರ್ಮಿನಲ್‌ಗಳ ನಡುವೆ ಮೆತ್ತಿಕೊಂಡು, ಅಲ್ಲಿಂದ ಮೋಟರಿನ ಮೈಗೆ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಮಳೆ ಹಿಡಿದಾಗಿನಿಂದ ಜುಮ್ ಅನ್ನುತ್ತಿದೆ ಅಂದಿರಲ್ಲ, ನನಗೆ ಇದರ ಮೇಲೇ ಅನುಮಾನ. ಬ್ಲೋವರ್‌ನಿಂದ ಊದಿಸಿ, ಮೋಟರನ್ನು ಬಿಸಿ ಹವೆಯಲ್ಲಿ ಒಣಗಿಸಿ, ವಾರ್ನಿಶ್ ಹೊಡೆಸಿದರೆ ಎಷ್ಟೋ ಮೋಟರ್ ಸರಿಹೋಗುತ್ತವೆ. ಡಬ್ಬಿ ನೀವೇ ಬಿಚ್ಚುವುದಾದರೆ ಕೆಪಾಸಿಟರ್ ನೆನಪಿರಲಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ತುಂಬಿರುತ್ತದೆ. ಗೊತ್ತಿದ್ದವರಿಂದ ಅದನ್ನು ಡಿಸ್ಚಾರ್ಜ್ ಮಾಡಿಸಿಯೇ ಕೈ ಹಾಕಿ.

ಅರ್ಥ್ ಗುಂಡಿ ನೋಡೋಣ. ನಮ್ಮ ಸೀಮೆಯಲ್ಲಿ ಮಣ್ಣೇ ಎರಡು ಮೂರು ಥರ. ನವಲಗುಂದ, ನರಗುಂದ, ರೋಣದ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಎರೆಮಣ್ಣಿನಷ್ಟು ಒಳ್ಳೆಯ ಅರ್ಥ್ ಬೇರೆ ಸಿಗುವುದಿಲ್ಲ. ಏಪ್ರಿಲ್ ಬಂದಾಗ ಅದೇ ಮಣ್ಣು ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಣ್ಣು ಪೈಪಿನಿಂದ ದೂರ ಸರಿದು ನಿಂತಿರುತ್ತದೆ, ಪೈಪು ಗಾಳಿಯಲ್ಲಿ ನಿಂತ ಹಾಗೆ. ಕಪ್ಪತಗುಡ್ಡದ ಸುತ್ತ ಕಲ್ಲು, ಗರಸು. ಅಲ್ಲಿ ಒಂದು ಪೈಪಿನಿಂದ ಕೆಲಸ ಆಗುವುದಿಲ್ಲ, ಎರಡು ಮೂರು ಗುಂಡಿ ತೋಡಿ ಜೋಡಿಸಬೇಕು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಅಳ್ನಾವರ ಕಡೆ ಮಸಾರಿ, ಅಂದರೆ ಕೆಂಪು ಮಣ್ಣು. ಹಾವೇರಿ ಜಿಲ್ಲೆಯಲ್ಲಿ ಎರೆ, ಮಸಾರಿ ಎರಡೂ ಇವೆ. ಒಂದೇ ಊರಿನ ಆ ಕಡೆ ಹೊಲ ಕಪ್ಪು, ಈ ಕಡೆ ಹೊಲ ಕೆಂಪು. ಹಾಗಾಗಿ ಪಕ್ಕದ ಮನೆಯವರ ಗುಂಡಿ ಚೆನ್ನಾಗಿದೆ ಅಂತ ನಿಮ್ಮದನ್ನು ನಂಬಬೇಡಿ.

ಐಎಸ್ 3043 ಅನ್ನುವುದು ನಮ್ಮ ದೇಶದ ಅರ್ಥಿಂಗ್ ನಿಯಮ. ಅದರ ಪ್ರಕಾರ ಜಿಐ ಪೈಪ್ ಆದರೆ ಒಳಗಿನ ವ್ಯಾಸ 38 ಮಿಲಿಮೀಟರಿಗೆ ಕಡಿಮೆ ಇರಬಾರದು, ಉದ್ದ 2.5 ಮೀಟರಿಗೆ ಕಡಿಮೆ ಇರಬಾರದು. ಗೋಡೆಯಿಂದ ಒಂದೂವರೆ ಮೀಟರಾದರೂ ದೂರ ಇರಲಿ. ನಾಲ್ಕಡಿ ಪೈಪ್ ಬಡಿದು "ಆಯ್ತು" ಅನ್ನುವವರಿದ್ದಾರೆ, ಮುಂದೆ ನಿಂತು ಅಳೆಯಿರಿ. ಉಪ್ಪು ಇದ್ದಿಲು ತುಂಬುವುದು ಹಳೆಯ ಪದ್ಧತಿ. ಕೆಲಸ ಮಾಡುತ್ತದೆ, ಆದರೆ ಉಪ್ಪು ಪೈಪನ್ನೂ ತಿನ್ನುತ್ತದೆ. ಈಗ ಬೆಂಟೊನೈಟ್ ಥರದ ಅರ್ಥಿಂಗ್ ಪುಡಿ ಸಿಗುತ್ತದೆ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಪೈಪಿಗೂ ಅಷ್ಟು ತೊಂದರೆ ಇಲ್ಲ. ಏನೇ ತುಂಬಿದರೂ ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಕೊಡ ನೀರು ಹಾಕಿ.

ಆದರೆ ನಾನು ನೋಡಿದ ಮಟ್ಟಿಗೆ ಗುಂಡಿಗಿಂತ ಮೊದಲು ಹಾಳಾಗುವುದು ಜಾಯಿಂಟ್. ಗುಂಡಿಯ ಮುಚ್ಚಳ ಎತ್ತಿ ನೋಡಿ. ಪೈಪಿನ ಸುತ್ತ ವೈರನ್ನು ಸುಮ್ನೆ ಸುತ್ತಿ ಬಿಟ್ಟಿದ್ದಾರಾ, ಕ್ಲಾಂಪ್ ಹಾಕಿ ಬೋಲ್ಟ್ ಬಿಗಿದಿದ್ದಾರಾ? ಬೋಲ್ಟ್ ಇದ್ದರೂ ಅದು ತುಕ್ಕು ಹಿಡಿದು, ಸ್ಪ್ಯಾನರ್ ಹಾಕಿದರೆ ಕಂದು ಪುಡಿ ಉದುರುತ್ತದಾ? ಅದನ್ನು ಕೆರೆದು ಹೊಸ ಬೋಲ್ಟ್ ಹಾಕಿ ಗ್ರೀಸ್ ಹಚ್ಚುವುದಕ್ಕೆ ನೂರು ರೂಪಾಯಿಯೂ ಬೇಡ. ಇದೆಲ್ಲ ಮೇನ್ ಆಫ್ ಮಾಡಿಯೇ. ಮಷೀನ್ ಸೋರುತ್ತಿರುವಾಗ ಅರ್ಥ್ ವೈರ್ ಬಿಚ್ಚಿ ಹಿಡಿದರೆ ನಿಮ್ಮ ಕೈಯೇ ವೈರ್ ಆಗುತ್ತದೆ. ಆಮೇಲೆ ಅರ್ಥ್ ಟೆಸ್ಟರ್ ಇರುವವರನ್ನು ಕರೆಸಿ ಅಳತೆ ಮಾಡಿಸಿ. ದೂರದಲ್ಲಿ ಎರಡು ಮೊಳೆ ಹೊಡೆದು ಅಳೆಯುವ ಯಂತ್ರ ಅದು. 5 ಓಮ್‌ಗಿಂತ ಕಡಿಮೆ ಬಂದರೆ ನೆಮ್ಮದಿ. ಆಗಸ್ಟಿನಲ್ಲಿ ಅಳೆದ ಅಂಕಿ ನಂಬಬೇಡಿ, ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಸಿ.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಅರ್ಥ್ ಸಿಗುತ್ತಿಲ್ಲ ಅಂತ ಸಾಕೆಟ್ಟಿನ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ ಲೂಪ್ ಕೊಡುತ್ತಾರೆ. ಟೆಸ್ಟ್ ಬಲ್ಬ್ ಬೆಳ್ಳಗೆ ಉರಿಯುತ್ತದೆ, ಎಲ್ಲರಿಗೂ ಖುಷಿ. ಒಂದು ದಿನ ಗಾಳಿಮಳೆಗೆ ಹೊರಗಿನ ನ್ಯೂಟ್ರಲ್ ಕಡಿಯಿತು ಅನ್ನಿ. ಫೇಸ್ ಮೋಟರಿನೊಳಗೆ ಹಾದು ನ್ಯೂಟ್ರಲಿಗೆ ಬಂದು, ಲೂಪಿನ ಮೂಲಕ ಗರಗಸದ ಮೈಗೆ ಬರುತ್ತದೆ. ಮಷೀನ್ ತಿರುಗುವುದಿಲ್ಲ. ಯಾಕೆ ಓಡುತ್ತಿಲ್ಲ ಅಂತ ನೋಡಲು ನೀವು ಅದರ ಮೇಲೆ ಕೈ ಇಡುತ್ತೀರಿ. ನಿಮ್ಮ ಸಾಕೆಟ್ ಬಿಚ್ಚಿಸಿ ಇದೊಂದನ್ನು ಖಂಡಿತ ನೋಡಿಸಿ. ನಲ್ಲಿ ಪೈಪಿಗೆ ಅರ್ಥ್ ಕಟ್ಟುವುದೂ ಬೇಡ. ಈಗಿನ ಪೈಪೆಲ್ಲ ಪ್ಲಾಸ್ಟಿಕ್ಕೇ, ಅಲ್ವಾ.

ಪ್ಲಗ್ಗಿನ ವಿಷಯ. 2 ಎಚ್‌ಪಿ ಮೋಟರ್ ಓಡುವಾಗ 10 ಆಂಪ್ ಆಸುಪಾಸು ಎಳೆಯುತ್ತದೆ, ಶುರುವಾಗುವಾಗ ಅದರ ನಾಲ್ಕೈದು ಪಟ್ಟು. ಅದಕ್ಕೆ 16 ಆಂಪಿನ ದೊಡ್ಡ ಸಾಕೆಟ್ ಬೇಕು, ಬೋರ್ಡಿನಿಂದ ಅಲ್ಲಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಬೇಕು. ಮೂರು ಪಿನ್ನಿನ ಪ್ಲಗ್ ಟಾಪಿನಲ್ಲಿ ಮೇಲಿನ ಪಿನ್ ದಪ್ಪ ಇರುತ್ತದೆ, ಉದ್ದವೂ ಇರುತ್ತದೆ. ಒಳಗೆ ಹೋಗುವಾಗ ಮೊದಲು ಅರ್ಥ್ ಕೂಡಲಿ, ಹೊರಗೆ ಬರುವಾಗ ಕೊನೆಗೆ ಬಿಡಲಿ ಅಂತ ಹಾಗೆ ಮಾಡಿದ್ದಾರೆ. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರಿಗೆ ಏನು ಹೇಳಲಿ! ಟಾಪ್ ಒಳಗೆ ವೈರ್ ಕಟ್ಟುವಾಗಲೂ ಹಸಿರು ವೈರನ್ನು ಉಳಿದ ಎರಡಕ್ಕಿಂತ ಬೆರಳಗಲ ಉದ್ದ ಬಿಡಿ. ಯಾರಾದರೂ ಕಾಲು ತೊಡರಿ ಕೇಬಲ್ ಎಳೆದರೆ ಫೇಸ್ ಮೊದಲು ಕಿತ್ತುಬರಬೇಕು, ಅರ್ಥ್ ಕೊನೆಗೆ. ಕೇಬಲ್ ಹಿಡಿಯುವ ಪಟ್ಟಿಯ ಎರಡು ಸ್ಕ್ರೂ ಬಿಗಿಯಿರಿ, ಅವು ಶೋಕಿಗಿಲ್ಲ. ಸಾಕೆಟ್ಟಿಗೆ ಬರಿ ವೈರ್ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ಇವತ್ತಿಗೇ ನಿಲ್ಲಿಸಿ. ಮನೆ ಕಟ್ಟುವ ಜಾಗಗಳಲ್ಲಿ ಬಾಗಿಲು ಕೂರಿಸಲು ಹೋದಾಗ ಇದೇ ನಡೆಯುತ್ತದೆ. ಕೆಳಗೆ ಕ್ಯೂರಿಂಗ್ ನೀರು, ಅದರ ಮೇಲೆ ಕೇಬಲ್, ಸಾಕೆಟ್ಟಿನಲ್ಲಿ ಕಡ್ಡಿ. ಅಂಥ ಕೆಲಸಕ್ಕೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಮಾಡಿಸಿಕೊಳ್ಳಿ: ಮೂರು ಕೋರಿನ ಕೇಬಲ್, 2.5 ಸ್ಕ್ವೇರ್ ಎಂಎಂ, ಬೋರ್ಡಿನಲ್ಲೇ ಒಂದು 30 ಮಿಲಿಆಂಪ್ ಆರ್‌ಸಿಸಿಬಿ. ಕೇಬಲ್ ಸುರುಳಿ ಇದ್ದರೆ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದಂತೆಯೇ ಬಿಟ್ಟರೆ ಬಿಸಿಯಾಗಿ ಕರಗುತ್ತದೆ.

ತಗಡಿನ ಶೆಡ್ ಅಂದಿರಲ್ಲ, ಆ ತಗಡನ್ನೂ ಕಬ್ಬಿಣದ ಕಂಬಗಳನ್ನೂ ಅರ್ಥ್ ವೈರಿಗೆ ಸೇರಿಸಿಸಿ. ಮೇಲೆ ಹಾದುಹೋದ ವೈರ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗುವುದು ಮಳೆಗಾಲದ ಮಾಮೂಲು ಅನಾಹುತ. ಅರ್ಥ್ ಮತ್ತು ಆರ್‌ಸಿಸಿಬಿ ಇದ್ದರೆ ತಾಗಿದ ಕ್ಷಣವೇ ಬೀಳುತ್ತದೆ. ಆದರೆ ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರ್ ತಗಡಿಗೆ ತಾಗಿದರೆ ನಿಮ್ಮ ಆರ್‌ಸಿಸಿಬಿಗೆ ಅದು ಗೊತ್ತಾಗುವುದೇ ಇಲ್ಲ. ಅದನ್ನು ದೂರ ಸರಿಸಲು ಹೆಸ್ಕಾಂಗೆ ಹೇಳಬೇಕು, 1912ಕ್ಕೆ ಫೋನ್ ಮಾಡಿ. ನೀವೇ ಕೋಲು ಹಾಕಿ ಎತ್ತಬೇಡಿ.

ಇನ್ನೊಂದು ನೀವು ಕೇಳದ ಪ್ರಶ್ನೆ. ಗರಗಸ ಓಡುವಾಗ ಕರೆಂಟ್ ಹೋದರೆ ಏನು ಮಾಡುತ್ತೀರಿ? ಟೀ ಕುಡಿಯಲು ಹೋಗುತ್ತೀರಿ, ಅಥವಾ "ಹೆಂಗೂ ಕರೆಂಟಿಲ್ಲ" ಅಂತ ಬ್ಲೇಡಿನ ಸಂದಿಯಲ್ಲಿ ಸಿಕ್ಕ ಚೂರು ತೆಗೆಯಲು ಕೈ ಹಾಕುತ್ತೀರಿ. ಸ್ವಿಚ್ ಆನ್ ಇದ್ದದ್ದು ಹಾಗೇ ಇದೆ. ಕರೆಂಟ್ ಬಂದ ಕೂಡಲೇ ಬ್ಲೇಡ್ ತಿರುಗುತ್ತದೆ. ಮಾಮೂಲಿ ಸ್ವಿಚ್ ಬದಲು ಹಸಿರು ಕೆಂಪು ಬಟನ್ನಿನ ಸ್ಟಾರ್ಟರ್ ಹಾಕಿಸಿ. ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ನೀವು ಹಸಿರು ಬಟನ್ ಒತ್ತುವ ತನಕ ಮೋಟರ್ ಓಡುವುದಿಲ್ಲ. ಓವರ್‌ಲೋಡ್ ರಿಲೇ ಕೂಡ ಅದರಲ್ಲೇ ಬರುತ್ತದೆ. ಕೆಂಪು ಬಟನ್ ಮೊಣಕಾಲಿಗೆ ಸಿಗುವ ಎತ್ತರದಲ್ಲಿರಲಿ. ಎರಡೂ ಕೈ ಕಟ್ಟಿಗೆ ಹಿಡಿದಿರುವಾಗ ಆಫ್ ಮಾಡಲು ಬೇರೆ ಏನಿದೆ?

ಮುಂದೆ ತ್ರೀ ಫೇಸ್ ತಗೊಂಡು ದೊಡ್ಡ ಮಷೀನ್ ಹಾಕಿದರೆ ಬಣ್ಣದ ಬಗ್ಗೆ ಹುಷಾರು. ಮಷೀನಿನ ಕೇಬಲ್ಲಿನಲ್ಲಿ ನೀಲಿ ಅಂದರೆ ನ್ಯೂಟ್ರಲ್. ಗೋಡೆಯೊಳಗಿನ ತ್ರೀ ಫೇಸ್ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್. ಬಣ್ಣ ನೋಡಿ ಜೋಡಿಸಿದವರು ಮಷೀನ್ ಸುಟ್ಟುಕೊಂಡಿದ್ದಾರೆ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಇಳಿಸಿ. ಮೇನ್ ದೂರ ಇದ್ದರೆ ಒಣ ಕಟ್ಟಿಗೆಯಿಂದ ತಳ್ಳಿ ಬಿಡಿಸಿ. ನಿಮ್ಮ ಅಂಗಡಿಯಲ್ಲಿ ಅದಕ್ಕೇನು ಕೊರತೆ? ಇವತ್ತು ಸೀಳಿದ ಹಸಿ ಬೇವಿನ ಹಲಗೆ ಮಾತ್ರ ಬೇಡ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಹಚ್ಚಿ, ಎದೆಯ ನಡುವೆ ಜೋರಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವ ತನಕ. ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ತೆಗೆಸಿ.

ರೂಟರಿನ ಎರಡು ಪಿನ್ ಬಗ್ಗೆ ಚಿಂತೆ ಬೇಡ. ಅದರ ಲೇಬಲ್ ಮೇಲೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಅದು ಡಬಲ್ ಇನ್ಸುಲೇಷನ್ ಮಷೀನ್. ಒಳಗೆ ಎರಡು ಪದರದ ರಕ್ಷಣೆ ಕೊಟ್ಟು, ಅರ್ಥ್ ಬೇಡವೇ ಬೇಡ ಅಂತಲೇ ಮಾಡಿರುತ್ತಾರೆ. ನಿಮ್ಮ ಕೈ ರಂದಾ, ಡ್ರಿಲ್ ಕೂಡ ಬಹುಶಃ ಅಂಥವೇ. ಹೊರಗಿನ ಸ್ಕ್ರೂಗೆ ಹಸಿರು ವೈರ್ ಕಟ್ಟಿದರೆ ಪ್ರಯೋಜನವಿಲ್ಲ, ಮಾಡಬೇಡಿ. ಆದರೆ ಎರಡು ಪದರ ಇರುವುದು ಮಷೀನಿಗೆ, ಅದರ ಕೇಬಲ್ಲಿಗಲ್ಲ. ರಂದಾ ಮಷೀನ್ ತನ್ನ ಕೇಬಲ್ಲನ್ನೇ ಕೊಯ್ದುಕೊಳ್ಳುವುದು ಹೊಸತೇನಲ್ಲ. ಕೇಬಲ್ಲನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಟ್ಟುಕೊಳ್ಳಿ. ಕೊಯ್ದರೆ ಟೇಪ್ ಸುತ್ತಬೇಡಿ, ಕೇಬಲ್ ಬದಲಾಯಿಸಿ. ಹಳೇ ಕಾಲದ ಲೋಹದ ಬಾಡಿಯ ಡ್ರಿಲ್, ಎರಡು ಪಿನ್, ಚೌಕದ ಗುರುತಿಲ್ಲ ಅಂದರೆ ಅದು ಬೇರೆ ಕಥೆ. ಅದಕ್ಕೆ ಮೆಕ್ಯಾನಿಕ್‌ನಿಂದ ಮೂರು ಕೋರಿನ ಕೇಬಲ್ ಹಾಕಿಸಲೇಬೇಕು, ಇಲ್ಲವೇ ಗುಜರಿಗೆ ಕೊಡಿ.

ಕೊನೆಗೆ ಮಾರ್ಬಲ್ ಕಟರ್. ಹಲಗೆಗೆ ತೂತು ಕೊರೆದು, ಕಟರನ್ನು ತಲೆಕೆಳಗೆ ಬಿಗಿದು, ಸ್ವಿಚ್ಚಿಗೆ ಟೇಪ್ ಸುತ್ತಿ ಆನ್ ಇಟ್ಟು, ಗೋಡೆಯ ಸ್ವಿಚ್ಚಿನಿಂದ ಓಡಿಸುವ ಗರಗಸ ಊರಿಗೊಂದು ನೋಡಬಹುದು. ಬೇಡ ಅಂತಲೇ ನನ್ನ ಉತ್ತರ. ಆ ಮಷೀನ್ ನಿಮಿಷಕ್ಕೆ 12 ಸಾವಿರ ಸುತ್ತಿನ ಮೇಲೆ ತಿರುಗುತ್ತದೆ. 4 ಇಂಚಿನ ಎಷ್ಟೋ ಕಟ್ಟಿಗೆ ಬ್ಲೇಡುಗಳ ಮೇಲೆ ಬರೆದಿರುವ ಗರಿಷ್ಠ ವೇಗ ಅದಕ್ಕಿಂತ ಕಡಿಮೆ ಇರುತ್ತದೆ. ಬ್ಲೇಡಿನ ಹಿಂದೆ, ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ತಗಡಿನ ತುಂಡು ಇಲ್ಲ. ಕಟ್ಟಿಗೆ ಬ್ಲೇಡನ್ನು ಹಿಚುಕಿದರೆ ಹಲಗೆ ನಿಮ್ಮ ಹೊಟ್ಟೆಗೇ ಹಾರಿಬರುತ್ತದೆ, ಅದರ ಜೊತೆ ಹಿಡಿದ ಕೈ ಬ್ಲೇಡಿನ ಮೇಲೆ ಎಳೆದುಕೊಂಡು ಹೋಗುತ್ತದೆ. ತಲೆಕೆಳಗೆ ಇರುವುದರಿಂದ ಹೊಟ್ಟೆಲ್ಲ ಮೋಟರಿನ ಗಾಳಿ ಕಿಂಡಿಗಳೊಳಗೇ ಇಳಿಯುತ್ತದೆ. ಒಳಗಿನ ಕಾರ್ಬನ್ ಪುಡಿಯ ಜೊತೆ ಅದು ಸೇರಿದರೆ, ಆಗಲೇ ಹೇಳಿದ ಎರಡು ಪದರದ ರಕ್ಷಣೆಗೂ ಭರವಸೆ ಇಲ್ಲ. ಸಣ್ಣ ತುಂಡು ಕೊಯ್ಯಲು ನಿಮ್ಮ ಹತ್ತಿರ ಟೇಬಲ್ ಗರಗಸ ಇದ್ದೇ ಇದೆ. ಅದಕ್ಕೆ ಗಾರ್ಡ್ ಕೂರಿಸಿ, ಸಣ್ಣ ಪಟ್ಟಿ ತಳ್ಳಲು ತುದಿಯಲ್ಲಿ ಕಚ್ಚು ಮಾಡಿದ ಒಂದೂವರೆ ಅಡಿ ಕೋಲು ಮಾಡಿಕೊಳ್ಳಿ. ಲುಂಗಿ, ಹೆಗಲ ಟವೆಲ್, ಕೈಗವಸು, ಮಣಿಕಟ್ಟಿನ ದಾರ ಯಾವುದೂ ತಿರುಗುವ ಬ್ಲೇಡಿನ ಹತ್ತಿರ ಬೇಡ. ಮಾರ್ಬಲ್ ಕಟರಿಗೆ ಇಟ್ಟ ದುಡ್ಡು ಆರ್‌ಸಿಸಿಬಿಗೂ ಸ್ಟಾರ್ಟರಿಗೂ ಹಾಕಿ. ಮೋಟರ್ ಒಣಗಿಸಿ ತಂದ ಮೇಲೆ, ಆರ್‌ಸಿಸಿಬಿಯ ಟಿ ಬಟನ್ ಒಮ್ಮೆ ಒತ್ತಿ ನೋಡಿ, ಆಮೇಲೆ ಗರಗಸದ ಪ್ಲಗ್ ಹಾಕಿ.